ಹಗೇವಿಗಿಳಿದ ಹಗ್ಗ

ಶ್ರಾವಣ ಬಂತೆಂದರೆ ನನ್ನ ಮನೆಯಲ್ಲೇ ನಾನು ತಲೆ ಬಗ್ಗಿಸಿ ನಡೆಯಬೇಕು. ತಲೆ ಎತ್ತಿದೆನೋ, ಹಸಿ ಸೀರೆಯ ಸೆರಗು ಫಟ್ಟನೆ ಮುಖಕ್ಕೆ ಬಡಿಯುತ್ತದೆ. ಬೈಲಹೊಂಗಲದ ಹತ್ತಿ ಪೇಟೆಯಲ್ಲಿ ತಕ್ಕಡಿ ಹಿಡಿಯುವ ಪರಪ್ಪನೆಂದರೆ ಸಾಮಾನ್ಯನೇ? ತೂಕ ಹೆಚ್ಚಲೆಂದು ನೀರು ಚಿಮುಕಿಸಿ ತಂದ ಹತ್ತಿಯನ್ನು ಬರೀ ಮುಟ್ಟಿ ನೋಡಿ, "ತೊಯ್ಸಿದ ಮಾಲು, ಹಿಂದಕ್ಕ ಒಯ್ಯಿ" ಎಂದು ಗುಡುಗುವವನು ನಾನು. ಅಂಥ ನಾನೇ ದಿನಾ ಮುಂಜಾನೆ ತೊಯ್ದ ರುಮಾಲು ಸುತ್ತಿಕೊಂಡು ಪೇಟೆಗೆ ಹೋದರೆ ದಲಾಲರು ಸುಮ್ಮನಿರುತ್ತಾರೆಯೇ? "ಪರಪ್ಪನವರ, ಮೊದಲ ನಿಮ್ಮ ತೂಕಾನ ಮಾಡೋಣೇನ್ರಿ?" ಎನ್ನುತ್ತಾರೆ. ಒಂದು ಸಲವಲ್ಲ, ಮೂರು ಸಲ ಎಂದಿದ್ದಾರೆ.

ಮನೆ ಅಂದರೆ ಅರಮನೆಯೇನೂ ಅಲ್ಲ. ಮುಂದೆ ಒಂದು ಪಡಸಾಲೆ, ಹಿಂದೆ ಅಡಿಗೆಮನೆ, ಮೇಲೆ ಮಣ್ಣಿನ ಮಾಳಿಗೆ. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಬಟ್ಟೆ ಹರವಿದರೆ ಹರವಿ ಕೆಳಗಿಳಿಯುವಷ್ಟರಲ್ಲಿ ಒಣಗಿರುತ್ತದೆ. ಮಳೆಗಾಲದಲ್ಲಿ ಮಾತ್ರ ಪಡಸಾಲೆಯ ಈ ಗೋಡೆಯಿಂದ ಆ ಗೋಡೆಗೆ ಕಟ್ಟಿದ ಹಗ್ಗವೇ ಗತಿ. ನನ್ನ ಹೆಂಡತಿ ಇಂದ್ರವ್ವ ಅದರ ಮೇಲೆ ಸೀರೆ, ಧೋತರ, ಕುಪ್ಪಸ, ಹೊದೆಯುವ ಕೌದಿ ಎಲ್ಲವನ್ನೂ ಹೇರುತ್ತಾಳೆ. ಎಂಟು ದಿನವಾದರೂ ಒಂದೂ ಒಣಗುವುದಿಲ್ಲ.

ಇದು ನನ್ನ ರುಮಾಲಿನ ಮಾತಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಆದರೆ ನನ್ನ ತಮ್ಮ ಮಾಳಪ್ಪನ ಲಗ್ನವೇ ಈ ಹಗ್ಗಕ್ಕೆ ಸಿಕ್ಕಿಬಿದ್ದಿತ್ತು. ನಮ್ಮ ಕಡೆ ಹೆಣ್ಣು ಕೊಡುವವರು ಮೊದಲು ಹುಡುಗನ ಮನೆ ನೋಡಲು ಬರುತ್ತಾರೆ. ಹೋದ ವರ್ಷ ಕಿತ್ತೂರಿನಿಂದ ಬಂದ ಹಿರಿಯರು ಕಂಬಳಿಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಾಗ ನನ್ನ ಧೋತರದಿಂದ ಟಪ್ ಎಂದು ಒಂದು ಹನಿ ಅವರ ಬೋಳುತಲೆಯ ಮೇಲೆ ಬಿತ್ತು. ಅವರು ಮೇಲೆ ನೋಡಿದರು. ಎರಡನೆಯ ಹನಿ ಕಣ್ಣಿಗೇ ಬಿತ್ತು. "ಹುಡುಗ ಚಲೋ ಅದಾನ. ಆದ್ರ ಈ ಬಟ್ಟಿ ಸಂತ್ಯಾಗ ನಮ್ಮ ಹುಡುಗಿ ನಿಲ್ಲೂದೆಲ್ಲಿ?" ಎಂದು ಎದ್ದೇ ಹೋದರು. ಸವದತ್ತಿಯವರಂತೂ ಹೊಸ್ತಿಲಲ್ಲೇ ನಿಂತು ನೋಡಿ ಹೊಸ್ತಿಲಿನಿಂದಲೇ ತಿರುಗಿದರು. ಅಂದು ಮಾಳಪ್ಪ ಅರ್ಧ ರೊಟ್ಟಿ ಬಿಟ್ಟು ಎದ್ದ.

ಈಗ ಕಟಕೋಳದ ಅಮೋಘಸಿದ್ದಪ್ಪ ಎಂಬವರಿಂದ ಮಾತು ಬಂದಿತ್ತು. ಬರುವ ಸೋಮವಾರ ಸಂಜೆ ಅವರೂ ಅವರ ಅಕ್ಕ ರಾಯವ್ವನೂ ಮನೆ ನೋಡಲು ಬರುವವರಿದ್ದರು.

"ಈ ಸಲಾನೂ ತಪ್ಪಿತಂದ್ರ ಮಾಳಪ್ಪಗ ಹೆಂಡತಿ ಬರಾಂಗಿಲ್ಲ, ನಾ ನೆಗೆಣ್ಣಿ ಮಾರಿ ನೋಡಾಂಗಿಲ್ಲ ಬಿಡ್ರಿ," ಎಂದಳು ಇಂದ್ರವ್ವ. "ಹಗ್ಗ ಬಿಚ್ಚಿ ಒಗೀರಿ ಅಂದ್ರ ಕೇಳಾಂಗಿಲ್ಲ."

"ಬಿಚ್ಚಿದ್ರ ಬಟ್ಟಿ ಎಲ್ಲೆ ಒಣಗಸ್ತೀ?"

"ನಿಮ್ಮ ತಲೀ ಮ್ಯಾಲ!"

ಆಗಲೇ ನನ್ನ ತಲೆಯೊಳಗೆ ಬೆಳಕು ಬಿತ್ತು. ರಸ್ತೆ ಅಳೆಯಲು ಬಂದ ಓವರ್ಸಿಯರ್ ಸಾಹೇಬನ ಕೈಯಲ್ಲಿ ಒಂದು ಚರ್ಮದ ಡಬ್ಬಿ ನೋಡಿದ್ದೆ. ಅದರ ಬಾಯಿಂದ ಪಟ್ಟಿ ಎಳೆದರೆ ಉದ್ದಕ್ಕೆ ಬರುತ್ತದೆ, ಬಿಟ್ಟರೆ ಸರ್ರನೆ ಒಳಗೆ ಹೋಗಿ ಮಾಯವಾಗುತ್ತದೆ. ಪಟ್ಟಿ ಮಾಯವಾಗುವುದಾದರೆ ಹಗ್ಗ ಯಾಕೆ ಮಾಯವಾಗಬಾರದು? ಬೇಕೆಂದಾಗ ಎಳೆ, ಬಟ್ಟೆ ಹಾಕು. ಬೀಗರು ಬರುವುದು ಕಂಡಾಗ ಬಟ್ಟೆ ತೆಗೆ, ಹಗ್ಗ ಬಿಡು. ಪಡಸಾಲೆ ಬಟಾಬಯಲು! (ಈ ವಿಚಾರ ಹೊಳೆದ ಕ್ಷಣದಲ್ಲಿ ನನ್ನ ಬುದ್ಧಿಗೆ ನಾನೇ ಕೈ ಮುಗಿದೆ. ಬೇರೆ ಯಾರೂ ಮುಗಿಯುವ ಲಕ್ಷಣ ಇರಲಿಲ್ಲ.)

ಓವರ್ಸಿಯರನ ಡಬ್ಬಿಯೊಳಗೆ ಏನಿರುತ್ತದೋ ನನಗೆ ಗೊತ್ತಿಲ್ಲ. ಆದರೆ ಭಾರ ಎಂದರೆ ಏನೆಂದು ನನಗೆ ಗೊತ್ತು. ಹಗ್ಗವನ್ನು ರಾಟೆಯ ಮೇಲೆ ಹಾಯಿಸಿ ತುದಿಗೆ ಒಂದು ಕಲ್ಲು ಕಟ್ಟಿದರೆ, ಕಲ್ಲು ಕೆಳಗಿಳಿದಂತೆ ಹಗ್ಗ ತಾನಾಗಿ ಒಳಗೆ ಬರಬೇಕು. ಬಂಡಿ ದುರಸ್ತಿ ಮಾಡುವ ಲಾಲಸಾಬನ ಹತ್ತಿರ ಹೋಗಿ ಹಳೆಯ ರಾಟೆಯೊಂದನ್ನು ಕೇಳಿದೆ.

"ಇದು ಬಾವಿಗೆ ಮಾಡಿದ್ದು ಪರಪ್ಪಣ್ಣ," ಎಂದ ಅವನು. "ನಿನ್ನ ಪಡಸಾಲ್ಯಾಗ ಕಲ್ಲು ಎಷ್ಟು ಇಳೀತೈತಿ? ನಾಕು ಮೊಳ. ಹಗ್ಗ ಹನ್ನೆರಡು ಮೊಳ. ಬಾವಿ ಎಲ್ಲಿಂದ ತರ್ತಿ?"

ಬಾವಿ! ನಮ್ಮ ಪಡಸಾಲೆಯ ಮೂಲೆಯಲ್ಲಿ ನೆಲದೊಳಗೆ ಜೋಳ ತುಂಬಿಡುವ ಹಗೇವು ಇತ್ತು. ಬಾಯಿ ಸಣ್ಣದು, ಒಳಗೆ ಎರಡಾಳು ಆಳ. ಅದು ಆಗ ಖಾಲಿಯಿತ್ತು. (ಹೆಣ್ಣಿನವರು ಹೇಳಿ ಕಳಿಸಿದಾಗ "ನಮ್ಮ ಮನ್ಯಾಗ ದೊಡ್ಡ ಹಗೇವು ಐತಿ" ಎಂದು ಮಾತ್ರ ಹೇಳಿಸಿದ್ದೆ. ಅದರೊಳಗೆ ಏನಿದೆ ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.) ಹಗೇವಿನ ಮೇಲಿನ ತೊಲೆಗೆ ರಾಟೆ ಬಿಗಿದು, ಬಾಯಿಯ ಹಾಸುಗಲ್ಲು ಸರಿಸಿ, ಐದು ಸೇರಿನ ಕಲ್ಲು ಕಟ್ಟಿದೆ. ಹಗ್ಗದ ಈ ತುದಿಗೆ ಕುಣಿಕೆ ಹಾಕಿ ಬಾಗಿಲ ಬದಿಯ ಗೂಟಕ್ಕೆ ಸಿಕ್ಕಿಸಿದೆ. ಕುಣಿಕೆ ಬಿಟ್ಟೆ. ಸರ್ರ್! ಹಗ್ಗ ಮಾಯ. ಮಾಳಪ್ಪ ಬಾಯಿ ತೆರೆದು ನೋಡಿದ. ನಾನು ಮೀಸೆ ತಿರುವಿದೆ.

ಇಂದ್ರವ್ವ ಒಗೆದ ಬಟ್ಟೆ ತಂದು ಹಾಕಿದಳು. ಮೊದಲ ಸೀರೆಗೆ ಹಗ್ಗ ಜೋಲಿತು. ಎರಡನೆಯದಕ್ಕೆ ಮೊಣಕಾಲಿಗೆ ಬಂತು. ಕೌದಿ ಹಾಕಿದೊಡನೆ ನನ್ನ ಕಲ್ಲು ರಾಟೆಯವರೆಗೆ ಏರಿ ಕೂತಿತು, ಬಟ್ಟೆಗಳೆಲ್ಲ ನೆಲದ ಮೇಲೆ ಮಲಗಿದವು.

"ಹತ್ತಿ ತೊಯ್ದದ್ದು ಕೈಯಾಗ ಹಿಡಿದ ಕೂಡ್ಲೆ ಗೊತ್ತಾಗತೈತಿ," ಎಂದಳು ಇಂದ್ರವ್ವ ಸೊಂಟದ ಮೇಲೆ ಕೈ ಇಟ್ಟು. "ಹೆಂಡತಿ ಸೀರಿ ತೊಯ್ದದ್ದು ಗೊತ್ತಾಗಲಿಲ್ಲೇನ್ರಿ?"

ಹದಿನೈದು ವರ್ಷ ತಕ್ಕಡಿ ಹಿಡಿದ ನಾನು ಒಣ ಬಟ್ಟೆಯ ಲೆಕ್ಕದಲ್ಲೇ ಕಲ್ಲು ಕಟ್ಟಿದ್ದೆ! ಸಿಟ್ಟು ಬಂತು. ಸಿಟ್ಟಿನಲ್ಲಿ ಅಡಿಗೆಮನೆಗೆ ಹೋಗಿ ಬೀಸುವ ಕಲ್ಲಿನ ಮೇಲಿನ ಹೋಳನ್ನೇ ಎತ್ತಿಕೊಂಡು ಬಂದೆ. ಅದಕ್ಕೆ ನಡುವೆ ತೂತೂ ಇತ್ತು, ಹಗ್ಗ ಪೋಣಿಸಲು ದೇವರೇ ಮಾಡಿಟ್ಟ ಹಾಗೆ.

"ಅಯ್ಯ, ಜ್ವಾಳ ಹ್ಯಾಂಗ ಬೀಸ್ಲಿರಿ?"

"ಲಗ್ನ ಮೊದಲೋ ರೊಟ್ಟಿ ಮೊದಲೋ?"

"ರೊಟ್ಟಿ!" ಎಂದರು ಇಂದ್ರವ್ವ, ಮಾಳಪ್ಪ ಇಬ್ಬರೂ. ಅವರ ಮಾತು ಯಾರು ಕೇಳುತ್ತಾರೆ? ಬೀಸುವ ಕಲ್ಲು ಕಟ್ಟಿಯೇಬಿಟ್ಟೆ. ಈಗ ಹಗ್ಗ ಹೇಗೆ ಬಿಗಿಯಿತೆಂದರೆ ಬೆರಳಿನಿಂದ ಮೀಟಿದರೆ ಝೇಂಕರಿಸುತ್ತಿತ್ತು. ಒಂದೇ ತೊಂದರೆ, ಅದನ್ನು ಗೂಟದ ತನಕ ಎಳೆಯಲು ನಾನೂ ಮಾಳಪ್ಪನೂ ಗೋಡೆಗೆ ಕಾಲು ಒದ್ದು ಜಗ್ಗಬೇಕಾಗುತ್ತಿತ್ತು. ಮೂರು ದಿನ ಎದುರುಮನೆಯ ಬೀರವ್ವನಿಂದ ಹಿಟ್ಟು ಕಡ ತಂದು ಉಂಡೆವು.

ಸೋಮವಾರ ಬಂತು. ಸಂಜೆ ಬೀಗರು ಬರುತ್ತಾರೆಂದು ಇಂದ್ರವ್ವ ಮುಂಜಾನೆಯೇ ಮನೆಯ ಬಟ್ಟೆಯನ್ನೆಲ್ಲ ಒಗೆದಳು. ಮಧ್ಯಾಹ್ನದ ತನಕ ನೀರು ಸೋರಲಿ, ಆಮೇಲೆ ಗಂಟು ಕಟ್ಟಿ ಒಳಗಿಡೋಣ ಎಂಬ ಏರ್ಪಾಡು. ನಾನು ಆ ದಿನ ಪೇಟೆಗೆ ಹೋಗಲಿಲ್ಲ. ಬೀಗರು ಅತ್ತ ಸವದತ್ತಿಯಲ್ಲಿ ರಾತ್ರಿ ವಸ್ತಿ ಮಾಡಿದವರು, ಹೊಳೆ ಏರೀತೆಂದು ಅಂಜಿ ನಸುಕಿನಲ್ಲೇ ಬಂಡಿ ಹೂಡಿದ್ದರಂತೆ. ಎತ್ತಿನ ಗಂಟೆ ನಮ್ಮ ಬಾಗಿಲಿಗೇ ಬಂದು ನಿಂತಾಗ ಇನ್ನೂ ಹೊತ್ತು ನೆತ್ತಿಗೇರಿರಲಿಲ್ಲ.

"ಬಂದ್ರೋ ಮಾರಾಯ!" ಎಂದೆ ನಾನು.

"ಮೊದಲ ಬಟ್ಟಿ ತಗೀರಿ!" ಎಂದು ಇಂದ್ರವ್ವ ಅಡಿಗೆಮನೆಯಿಂದ ಕೂಗಿದಳು.

ಆ ಗಾಬರಿಯಲ್ಲಿ 'ತಗೀರಿ' ಎಂಬುದಷ್ಟೇ ನನ್ನ ತಲೆಗೆ ಹೋಯಿತು. ಗೂಟದ ಕಡೆಗೆ ಹಾರಿದೆ. ಅಮೋಘಸಿದ್ದಪ್ಪನವರು "ಶರಣ್ರೀ" ಎನ್ನುತ್ತ ಬಗ್ಗಿ ಬಾಗಿಲು ದಾಟಿ ತಲೆ ಎತ್ತುವುದಕ್ಕೂ, ನಾನು ಕುಣಿಕೆ ಕಳಚುವುದಕ್ಕೂ ಸರಿಹೋಯಿತು.

ಮುಂದಿನದನ್ನು ನಿಧಾನವಾಗಿ ಹೇಳುತ್ತೇನೆ, ನಡೆದದ್ದು ಮಾತ್ರ ಕಣ್ಣು ಮಿಟುಕಿಸುವುದರೊಳಗೆ. ಮೂರು ಸೀರೆ, ಎರಡು ಧೋತರ, ನಾಲ್ಕು ಕುಪ್ಪಸ, ಒಂದು ಕೌದಿ ಎಲ್ಲವೂ ದಂಡು ಹೊರಟ ಹಾಗೆ ಸಾಲಾಗಿ ಹಗೇವಿನ ಕಡೆಗೆ ಓಡಿದವು. ಕಡೆಯ ಸೀರೆಯ ಸೆರಗು ಅಮೋಘಸಿದ್ದಪ್ಪನವರ ರುಮಾಲನ್ನು ಬಾಚಿಕೊಂಡಿತು. ಕುಣಿಕೆಯೊಳಗೆ ನನ್ನ ಕೈ ಸಿಕ್ಕಿತ್ತು, ಆದ್ದರಿಂದ ನಾನೂ ಅವುಗಳ ಹಿಂದೆಯೇ ಹೊಟ್ಟೆಯ ಮೇಲೆ ಜಾರುತ್ತ ಹೊರಟೆ. ಹಗೇವಿನ ಅಂಚಿನಲ್ಲಿ ಕೈ ಬಿಡಿಸಿಕೊಂಡೆನೋ, ಬದುಕಿದೆನೋ! ಬಟ್ಟೆಗಳೂ ರುಮಾಲೂ ದಬದಬನೆ ಒಳಗೆ ಬಿದ್ದವು. ಅವುಗಳಿಗಿಂತ ಮೊದಲು ಬೀಸುವ ಕಲ್ಲು ತಳ ಮುಟ್ಟಿ 'ಢಮ್ಮ್' ಎಂದು ಸದ್ದು ಮಾಡಿತು. ತುಂಬಿದ ಹಗೇವಿನಲ್ಲಿ ಕಲ್ಲು ಬಿದ್ದರೆ ಅಂಥ ಸದ್ದು ಬರುವುದಿಲ್ಲ. ಅದು ಒಕ್ಕಲುತನದವರಿಗೆಲ್ಲ ಗೊತ್ತು.

ಪಡಸಾಲೆ ಮಾತ್ರ ನಾನು ಬಯಸಿದ ಹಾಗೆ ಬಟಾಬಯಲಾಗಿತ್ತು.

ರಾಯವ್ವ ಎಪ್ಪತ್ತರ ಮುದುಕಿ. ಕೋಲೂರಿಕೊಂಡು ನೆಟ್ಟಗೆ ಹಗೇವಿನ ಹತ್ತಿರ ಬಂದಳು. ನನ್ನನ್ನು ದಾಟಿ (ನಾನಿನ್ನೂ ಮಲಗಿಯೇ ಇದ್ದೆ) ಒಳಗೆ ಬಗ್ಗಿ ನೋಡಿದಳು. "ಹಗೇವು ಖಾಲಿ ಐತೆಲ್ಲೋ ತಮ್ಮಾ," ಎಂದಳು. ಆಮೇಲೆ ರಾಟೆ ನೋಡಿದಳು, ಗೂಟ ನೋಡಿದಳು, ನೆಲದ ಮೇಲಿನ ನೀರು ನೋಡಿದಳು.

"ಯಾರ ಮಾಡಿದ್ದು ಈ ಉದ್ಯೋಗ?"

ಮಾಳಪ್ಪನ ಮುಖ ಬಿಳಿಚಿತ್ತು. ಮೂರನೆಯ ಸಲವೂ ಲಗ್ನ ತಪ್ಪಿತು ಎಂದು ನನಗೆ ಖಾತ್ರಿಯಾಯಿತು. ತಪ್ಪಿಸಿದವನು ಅಣ್ಣ ಪರಪ್ಪ ಎಂದು ಕಟಕೋಳದಿಂದ ಹತ್ತಿ ಪೇಟೆಯವರೆಗೆ ಸುದ್ದಿಯಾಗುತ್ತದೆ, ದಲಾಲರ ಬಾಯಿಗೆ ನಾನು ವರ್ಷಗಟ್ಟಲೆ ಎಲೆಯಡಿಕೆಯಾಗುತ್ತೇನೆ. ಹೇಗೂ ಕೆಟ್ಟಿದೆ, ಇನ್ನು ನಾನೊಬ್ಬ ಯಾಕೆ ಕೆಡಲಿ? ಹೇಳಲು ನಾಚಿಕೆಯಾಗುತ್ತದೆ, ಮಲಗಿದಲ್ಲಿಂದಲೇ ಕೈ ಎತ್ತಿ ತೋರಿಸಿದೆ.

"ಇವನ್ರಿ. ನಮ್ಮ ಮಾಳ್ಯಾ."

ಮಾಳಪ್ಪ ನನ್ನ ಕಡೆ ನೋಡಿದ ನೋಟ ಇನ್ನೂ ಮರೆತಿಲ್ಲ.

"ಯಾಕ ಮಾಡಿದ್ಯೋ ಮಗನ?" ಎಂದಳು ರಾಯವ್ವ.

"ಮಳ್ಯಾಗ ಬಟ್ಟಿ ಒಣಗಾಂಗಿಲ್ಲರಿ. ನಮ್ಮ ಇಂದ್ರವ್ವ ವೈನಿಗೆ ಭಾಳ ತ್ರಾಸ ಆಗ್ತಿತ್ತು," ಎಂದ ಮಾಳಪ್ಪ. ಅಷ್ಟೇ.

ಮುದುಕಿಯ ಕಣ್ಣಲ್ಲಿ ನೀರು ಬಂತು!

"ಅಮೋಘಸಿದ್ದಾ, ಕೇಳಿದೇನೋ? ಐವತ್ತು ಮಳಿಗಾಲ ನಾ ಹಸಿ ಸೀರಿ ಉಟ್ಟೇನಿ. ಒಲಿ ಮುಂದ ಹಿಡಿದು ಒಣಗಸಾಕ ಹೋಗಿ ಸೆರಗ ಸುಟ್ಟುಕೊಂಡೇನಿ. ನಮ್ಮ ಮನ್ಯಾಗ ಏಳು ಮಂದಿ ಗಂಡಸರು. ಬಟ್ಟಿ ಎಲ್ಲಿ ಒಣಗ್ತಾವ ಅಂತ ಒಬ್ಬರಾದ್ರೂ ಕೇಳೀರೇನು?"

"ಅಕ್ಕಾ, ನನ್ನ ರುಮಾಲ..." ಎಂದರು ಅಮೋಘಸಿದ್ದಪ್ಪ ಬರಿದಲೆ ಸವರಿಕೊಳ್ಳುತ್ತ.

"ಸುಮ್ಕಿರು! ಈ ಹುಡುಗ ಬರೇ ಅಣ್ಣನ ಹೆಂಡತಿ ಸಲುವಾಗಿ ಇಷ್ಟು ಮಾಡ್ಯಾನ. ನಾಳೆ ಹೆಂಡತಿನ್ನ ಹ್ಯಾಂಗ ನೋಡಿಕೊಂಡಾನು! ಹಗೇವು ಏನು, ಹಿಂಗಾರಿ ಬಂದ್ರ ತುಂಬತೈತಿ. ಹುಡುಗಿ ಕೊಟ್ಟೇವಿ ಅಂತ ಹೇಳು."

ನಾನು ಥಟ್ಟನೆ ಎದ್ದು ಕೂತೆ. "ಅದರಾಗ ನಂದೂ ಒಂದೀಟು..."

"ನಿಮ್ದೇನು?" ಎಂದಳು ರಾಯವ್ವ. "ಅಂಥಾ ಚೊಕ್ಕ ಕೆಲಸಾ ಕೆಡಿಸಿ, ಬಟ್ಟಿ ಸಮೇತ ಹಗ್ಗ ಬಿಟ್ಟವ್ರು ನೀವಲ್ಲ?"

ಇಂದ್ರವ್ವನ ಕಡೆ ಆಸೆಯಿಂದ ನೋಡಿದೆ. ಆಕೆ ಸೆರಗು ಸರಿಪಡಿಸಿಕೊಂಡು ಮುಂದೆ ಬಂದು, "ಹೌದ್ರಿ ಯವ್ವಾ. ನಮ್ಮ ಮೈದುನಂದು ಭಾಳ ಸೂಕ್ಷ್ಮ ಬುದ್ಧಿ. ಇವ್ರಿಗೆ ತಕ್ಕಡಿ ಬಿಟ್ರ ಏನೂ ತಿಳಿಯಾಂಗಿಲ್ಲ," ಎಂದಳು. ಇನ್ನು ಬಾಯಿ ಬಿಟ್ಟರೆ ತಮ್ಮನ ಲಗ್ನ ಮುರಿಯುತ್ತದೆ. ಮುಚ್ಚಿಕೊಂಡೆ. ಮಾಳಪ್ಪ ದೀಪ ಇಳಿಬಿಟ್ಟು ನೋಡಿ, ಹಗೇವಿನೊಳಗೆ ಇಳಿದು ರುಮಾಲು ತಂದುಕೊಟ್ಟ.

ಲಗ್ನ ಸಾಂಗವಾಗಿ ಆಯಿತು. ನೆಗೆಣ್ಣಿಯರಿಬ್ಬರೂ ಹೊಂದಿಕೊಂಡರು. ಮುಂದಿನ ಮಳೆಗಾಲದಲ್ಲಿ ಕಟಕೋಳದಿಂದ ಬುಲಾವ್ ಬಂತು: ಅಳಿಯಂದಿರು ಬಂದು ನಮ್ಮ ಮನೆಗೂ ಹಗ್ಗ ಹೂಡಿಕೊಡಬೇಕು. ಮಾಳಪ್ಪನಿಗೆ ರಾಟೆಯ ತಲೆ ಯಾವುದು ಬುಡ ಯಾವುದು ತಿಳಿಯದು. "ಅಣ್ಣಾ, ನೀನೂ ಬಾ. ಇಲ್ಲಂದ್ರ ಮರ್ಯಾದಿ ಹೋಗತೈತಿ," ಎಂದು ಕಾಲು ಹಿಡಿದ. ಹೋದೆ.

ಅಲ್ಲಿ ಅವನನ್ನು ಹೊಸ ಜಮಖಾನೆಯ ಮೇಲೆ ಕೂಡಿಸಿ, ಹೋಳಿಗೆ ತುಪ್ಪ ಬಡಿಸಿ, ಬೀಸಣಿಗೆಯಿಂದ ಗಾಳಿ ಹಾಕಿದರು. ನಾನು ಏಣಿಯ ಮೇಲೆ ನಿಂತು, ಬಾಯಲ್ಲಿ ಮೊಳೆ ಕಚ್ಚಿಕೊಂಡು, ತೊಲೆಗೆ ರಾಟೆ ಬಡಿಯುತ್ತಿದ್ದೆ. ಓಣಿಯ ಹೆಂಗಸರೆಲ್ಲ ನೋಡಲು ನೆರೆದಿದ್ದರು. ಮಾಳಪ್ಪ ಎಲೆಯಡಿಕೆ ಮೆಲ್ಲುತ್ತ ಒಂದು ಕಣ್ಣು ಮುಚ್ಚಿ ಮೇಲೆ ನೋಡಿದ.

"ಅಣ್ಣಾ, ಒಂದೀಟು ಎಡಕ್ಕ."

ಅದು ಬಲಕ್ಕೇ ಇರಬೇಕಾಗಿತ್ತು! ಆದರೂ ಎಡಕ್ಕೆ ಸರಿಸಿದೆ.

"ಏಣಿ ಮ್ಯಾಲ ಇದ್ದವ್ರು ಯಾರಬೇ?" ಎಂದು ಒಬ್ಬಾಕೆ ಕೇಳಿದಳು.

"ಅವ್ರಾ? ನಮ್ಮ ಮಾಳಪ್ಪನ ಅಣ್ಣ," ಎಂದಳು ರಾಯವ್ವ ನನಗೊಂದು ಬೆಲ್ಲದ ತುಣುಕು ಎತ್ತಿ ಕೊಡುತ್ತ. "ಪಾಪ, ಹೇಳಿಕೊಟ್ರ ಚಲೋ ಮಾಡ್ತಾರ."