ಕಾಗೆ ಒಪ್ಪಿದ ಸಫಾರಿ

ತಮ್ಮಯ್ಯನವರು ತೀರಿಕೊಂಡ ಸಂಗತಿ ಬೂಕನಕೆರೆಗೆ ಮೊದಲು ತಿಳಿದದ್ದು ಹಾಲಿನ ಡೈರಿಯಲ್ಲಿ. ಬೆಳಗಿನ ಸರದಿಯಲ್ಲಿ ಮೊದಲ ಕ್ಯಾನು ಯಾವತ್ತೂ ಅವರದೇ. ಆ ಗುರುವಾರ ಆ ಜಾಗ ಖಾಲಿ ಇತ್ತು. ಹಿಂದಿದ್ದವರು ಯಾರೂ ಮುಂದಕ್ಕೆ ಸರಿಯಲಿಲ್ಲ. ಸ್ವಲ್ಪ ಹೊತ್ತು ಕಾದು, ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕ್ಯಾನುಗಳನ್ನು ಅಲ್ಲೇ ಬಿಟ್ಟು ಎಲ್ಲರೂ ಅವರ ಮನೆಯ ಕಡೆ ನಡೆದರು. ಮುದುಕರು ನಿದ್ದೆಯಲ್ಲೇ ದೇವರ ಪಾದ ಸೇರಿದ್ದರು. ಮುಖ ಮಾತ್ರ, ಎಲ್ಲಿಗೋ ಹೊರಟು ಬಸ್ಸಿನಲ್ಲಿ ಒಳ್ಳೆಯ ಜಾಗ ಸಿಕ್ಕಿದವರ ಹಾಗಿತ್ತು.

ಹೊರಡುವ ಆಸೆ ಅವರಿಗೆ ಒಂದು ವರ್ಷದಿಂದಲೂ ಇತ್ತು. ಮೊಮ್ಮಗಳು ಸ್ನೇಹ ಮೊಬೈಲಿನಲ್ಲಿ ಒಂದು ಸಫಾರಿ ತೋರಿಸಿದ್ದಳು. ಜನ ಗಾಡಿಯೊಳಗೆ ಬಾಗಿಲು ಹಾಕಿಕೊಂಡು ಕೂತಿದ್ದರು. ಸಿಂಹ ಹೊರಗೆ ಆರಾಮಾಗಿ ಬಿಸಿಲು ಕಾಯಿಸುತ್ತಿತ್ತು.

"ಬೋನಲ್ಲಿರೋರು ನಾವು ಕಣವ್ವ. ಅದು ನಮ್ಮುನ್ನ ನೋಡಕ್ಕೆ ಬಂದದೆ" ಎಂದು ಮುದುಕರು ಬೆರಗಾದರು.

ಅಂದಿನಿಂದ ಸಂಜೆ ಡೈರಿಗೆ ಹಾಲು ಹಾಕಿ ಬಂದ ಮೇಲೆ ಜಗಲಿಯಲ್ಲಿ ಅದೇ ಮಾತು. ಯಾವ ಗಾಡಿ, ಬುತ್ತಿಗೆ ಏನು, ಯಾರು ಎಲ್ಲಿ ಕೂರಬೇಕು. ಮಗ ತಿಮ್ಮರಾಜುವಿಗೆ ಎಡಗಡೆಯ ಕಿಟಕಿ ಎಂದು ಅವರೇ ಗೊತ್ತುಮಾಡಿದ್ದರು. ನಲವತ್ತಾರು ವರ್ಷದ ತಿಮ್ಮರಾಜು ಹುಲಿಯನ್ನು ಕಂಡಿದ್ದು ಕ್ಯಾಲೆಂಡರಿನಲ್ಲಿ, ಅದೂ ಅದರ ಮೇಲೆ ದೇವಿ ಕೂತಿದ್ದಾಗ. ಆ ಕಿಟಕಿಯನ್ನು ನೆನೆದುಕೊಂಡೇ ಅವನು ದಿನಾ ನಿದ್ದೆ ಹೋಗುತ್ತಿದ್ದ. ಕನಸಿನಲ್ಲಿ ಗಾಡಿ ಮೆಲ್ಲಗೆ ಸಾಗುತ್ತಿತ್ತು. ಹುಲ್ಲು ಎರಡಾಗಿ ಸರಿಯುತ್ತಿತ್ತು. ಪಟ್ಟೆ ಪಟ್ಟೆಯ ಬೆಳಕೊಂದು ಗಾಜಿನ ಹತ್ತಿರ ಬಂದು ನಿಂತು ಅವನನ್ನೇ ನೋಡುತ್ತಿತ್ತು.

ಅಡ್ಡಿಯಾದವಳು ಗೌರಿ. ಆ ಸೀಮೆಹಸು ಅಪ್ಪ ಮಗನ ಕೈಗೆ ಬಿಟ್ಟು ಮೂರನೆಯವರಿಗೆ ಹಾಲು ಕೊಡುತ್ತಿರಲಿಲ್ಲ. ಒಮ್ಮೆ ಕರೆಯಲು ಹೋದ ತಿಮ್ಮರಾಜುವಿನ ಸೋದರಮಾವ, ಪಾಂಡವಪುರದ ಜವರಯ್ಯ, ಒದೆ ತಿಂದು ಕಲಗಚ್ಚಿನ ಬಾನಿಯೊಳಗೆ ಉತ್ಸವಮೂರ್ತಿಯ ಹಾಗೆ ಕೂತಿದ್ದರು. "ಇಬ್ರೂ ಒಂಟೋದ್ರೆ ಗೌರಿ ಗತಿ ಏನ್ಲಾ?" ಎಂಬಲ್ಲಿಗೆ ಮುದುಕರ ಪ್ರತಿ ಸಂಜೆಯ ಪ್ರಯಾಣ ನಿಲ್ಲುತ್ತಿತ್ತು. ಮರುದಿನ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು.

ಮೂರನೆಯ ದಿನ ಹಾಲುತುಪ್ಪ. ತೋಟದಲ್ಲಿ, ಮಣ್ಣು ಮಾಡಿದ ಕಡೆ ಹಾಲುತುಪ್ಪ ಬಿಟ್ಟು, ಬಾಳೆಯೆಲೆಯಲ್ಲಿ ಎಡೆಯಿಟ್ಟು, ಎಲ್ಲರೂ ದೂರ ಸರಿದು ಕಾಗೆಗಾಗಿ ಕಾದರು. ಕಾಗೆ ಎಡೆ ಮುಟ್ಟಿದರೆ ಹೋದವರಿಗೆ ನೆಮ್ಮದಿ. ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ ಎಂದು ತಿಳಿಯಬೇಕು. ಕಾಗೆಯೇನೋ ಹತ್ತು ಗಂಟೆಗೇ ಬಂತು. ಬೇಲಿಯ ಕಲ್ಲಿನ ಮೇಲೆ ಕೂತು, ಗುಮಾಸ್ತ ಅರ್ಜಿ ನೋಡುವ ಹಾಗೆ ಎಡೆಯನ್ನು ಒಂದೇ ಕಣ್ಣಿನಲ್ಲಿ ನೋಡಿ ಸುಮ್ಮನಾಯಿತು.

ಮುದುಕರ ತಂಗಿ ಬೈರಮ್ಮ ನಾಗಮಂಗಲದಿಂದ ಬಂದಿದ್ದರು. ಅವರ ಅಪ್ಪಣೆಯಂತೆ ಬೀಡಿ ಇಟ್ಟದ್ದಾಯಿತು, ಕಾಫಿ ಇಟ್ಟದ್ದಾಯಿತು. ಕಾಗೆ ಅಲುಗಲಿಲ್ಲ. ಎಡೆಯನ್ನು ಹಸುವಿಗಾದರೂ ಕೊಡೋಣವೆಂದು ಯಾರೋ ಅಂದರು.

"ನಮ್ಮಣ್ಣ ಕಣ್ಣೆದ್ರುಗೇ ಕೂತವ್ನೆ. ಅವನ್ನ ಬುಟ್ಟು ಹಸೀಗೆ ಕೊಡದಾ?" ಎಂದು ಬೈರಮ್ಮ ಅವರ ಬಾಯಿ ಮುಚ್ಚಿಸಿದರು.

ಆಗ ಸ್ನೇಹ ಅಪ್ಪನ ಕಿವಿಯಲ್ಲಿ ಸಫಾರಿಯ ಮಾತು ಹೇಳಿದಳು. ತಿಮ್ಮರಾಜು ಕೈಮುಗಿದ. "ಅಪ್ಪಯ್ಯ, ತಿಥಿ ಕಳೀಲಿ. ಎಲ್ರುನ್ನೂ ಸಫಾರಿಗೆ ಕರ್ಕೊಂಡೋಯ್ತೀನಿ."

ಕಾಗೆ ಕಲ್ಲಿನಿಂದ ನೆಲಕ್ಕೆ ಕುಪ್ಪಳಿಸಿತು. ಅಷ್ಟೇ.

"ಎಲ್ರುನ್ನೂ ಅಂದ್ರೆ ಯಾರ್ಯಾರ್ನ? ಬಾಯ್ಬುಟ್ಟು ಯೋಳು" ಎಂದರು ಬೈರಮ್ಮ. "ಈ ಅತ್ತೆನೂ ಸೇರುಸ್ಕೊ."

ಸೇರಿಸಿಕೊಂಡ. ಕಾಗೆ ಎರಡು ಹೆಜ್ಜೆ ಮುಂದೆ ಬಂತು. ಇದನ್ನು ಕಂಡ ಜವರಯ್ಯ ಗಂಟಲು ಸರಿಮಾಡಿಕೊಂಡು ತಾವೂ ಇರುವುದನ್ನು ನೆನಪಿಸಿದರು. ಆಮೇಲೆ ಕಿಕ್ಕೇರಿಯ ನೆಂಟರು, ಅವರ ಬೀಗರು. ಜೀಪು ವ್ಯಾನಾಯಿತು, ವ್ಯಾನು ಬಸ್ಸಾಯಿತು. ಬಸ್ಸು ಮೊದಲು ನಾಗಮಂಗಲಕ್ಕೆ ಹೋಗಿ ಅತ್ತೆಯನ್ನು ಹತ್ತಿಸಿಕೊಂಡು, ಹಿಂದಕ್ಕೆ ಪಾಂಡವಪುರಕ್ಕೆ ಬಂದು ಮಾವನನ್ನು ಹತ್ತಿಸಿಕೊಂಡು, ಶ್ರೀರಂಗಪಟ್ಟಣದಲ್ಲಿ ಹೊಳೆಸ್ನಾನ, ರಂಗನಾಥನ ದರ್ಶನ ಮುಗಿಸಿ ಹೊರಡುವುದೆಂದು ಗೊತ್ತಾಯಿತು. ಜವರಯ್ಯ ಕಡ್ಡಿಯಿಂದ ನೆಲದ ಮೇಲೆ ಬರೆದ ಆ ದಾರಿ, ಬಿಚ್ಚಿ ಬಿಸಾಡಿದ ಹಗ್ಗದ ಹಾಗೆ ಕಂಡಿತು. ಬುತ್ತಿಗೆ ಕೋಳಿಸಾರು ಬೇಡ, ಹುಲಿಗೆ ವಾಸನೆ ಹತ್ತುತ್ತದೆ, ಚಿತ್ರಾನ್ನ ಸಾಕು ಎಂದು ಅವರು ಅಂದಾಗ ಕಾಗೆ ಮೂರು ಹೆಜ್ಜೆ ಹಿಂದೆ ಹೋಯಿತು. ಕೋಳಿಸಾರು ಮತ್ತೆ ಸೇರಿತು.

ಮುದುಕರ ಹೆಂಡತಿ ಪುಟ್ಟಲಕ್ಷ್ಮಮ್ಮ ಒಬ್ಬರೇ ಬೆಳಗಿನಿಂದ ಒಂದು ಮಾತೂ ಆಡಲಿಲ್ಲ. ಸೆರಗು ಹೊದ್ದು ಕಾಗೆಯನ್ನೇ ನೋಡುತ್ತಿದ್ದರು.

ಹೊತ್ತು ಇಳಿಯಿತು. ಕಬ್ಬಿನ ಗದ್ದೆಯಲ್ಲಿ ಗಾಳಿ ಮೆಲ್ಲಗೆ ಓಡಾಡುತ್ತಿತ್ತು. ಉಪವಾಸವಿದ್ದ ತಿಮ್ಮರಾಜುವಿಗೆ ಕೂತಲ್ಲೇ ಜೊಂಪು ಹತ್ತಿತು. ಗರಿಗಳ ನಡುವೆ ಸಂಜೆಬಿಸಿಲು ಪಟ್ಟೆ ಪಟ್ಟೆಯಾಗಿ ನಡೆದು ಬಂತು. ಅಪ್ಪಯ್ಯ ಪಕ್ಕದಲ್ಲೇ ಕೂತು, ಎಡಗಡೆ ನೋಡು ಎಂದು ಬೆರಳು ತೋರಿಸುತ್ತಿದ್ದರು.

ಅಷ್ಟರಲ್ಲಿ ಮನೆಯ ಕಡೆಯಿಂದ ಗೌರಿ ಕೂಗಿದಳು. ಹಾಲು ಕರೆಯುವ ಹೊತ್ತು ಮೀರಿತ್ತು. ಕಾಗೆ ಕತ್ತು ತಿರುಗಿಸಿ ಆ ಕಡೆ ನೋಡಿತು. ತಿಮ್ಮರಾಜುವಿಗೆ ಎಚ್ಚರವಾಗುವ ಮೊದಲೇ ಅವನ ಕಾಲುಗಳು ಎದ್ದು ನಿಂತಿದ್ದವು.

"ನಿಮ್ಮಪ್ಪ ಇಲ್ಲಿ ಉಪಾಸ ಕೂತವ್ನೆ, ನೀನೆಲ್ಲಿಗ್ಲಾ ಒಂಟೆ?" ಎಂದು ಬೈರಮ್ಮ ತಡೆದರು.

ಇತ್ತ ಕಾಗೆ, ಅತ್ತ ಹಸು. ತಿಮ್ಮರಾಜು ಮತ್ತೆ ಕೈಮುಗಿದ. "ಅಪ್ಪಯ್ಯ, ಇವ್ರೆಲ್ಲ ಸಫಾರಿಗೆ ಹೋಗ್ಬರ್ಲಿ. ನಾನು ಹೋಗಕಿಲ್ಲ. ಮನೇಲೇ ಇದ್ದು ಗೌರಿನ ನೋಡ್ಕೋತೀನಿ."

ಮಾತು ಮುಗಿಯುವಷ್ಟರಲ್ಲಿ ಕಾಗೆ ಎಲೆಯ ಮೇಲಿತ್ತು. ಮುದ್ದೆ, ಸಾರು, ಹಪ್ಪಳ ಎಲ್ಲವನ್ನೂ ಕುಕ್ಕಿ ತಿಂದಿತು. ಬೀಡಿ ಒಂದನ್ನು ಮಾತ್ರ ಬಿಟ್ಟಿತು.

ಎಲ್ಲರೂ ಕೈಮುಗಿದು ನಿಟ್ಟುಸಿರು ಬಿಟ್ಟರು. ತಿಮ್ಮರಾಜು ಮೆಲ್ಲಗೆ ಮಾವನ ಹತ್ತಿರ ಹೋಗಿ, ಆಡಿದ ಮಾತಿನಲ್ಲಿ ಸ್ವಲ್ಪ ಬದಲಾವಣೆ ಆಗಬಹುದೇ ಎಂದು ಕೇಳಿದ.

"ಎಡೆ ಮುಂದೆ ಆಡಿದ್ ಮಾತು ಕಣ್ಲಾ" ಎಂದು ಜವರಯ್ಯ ಗದರಿದರು. ಆಮೇಲೆ ದನಿ ತಗ್ಗಿಸಿ, "ಅಂಗಾರೆ ಆ ಎಡ್ಗಡೆ ಕಿಟ್ಕಿ ನಂಗಿರ್ಲಿ" ಎಂದರು.

ಮನೆಯ ದಾರಿಯಲ್ಲಿ ಪುಟ್ಟಲಕ್ಷ್ಮಮ್ಮ ಮಗನ ಜೊತೆ ನಡೆದರು. "ನಿಮ್ಮಪ್ಪುಂಗೆ ಸಿಮ್ಮ ಬರೀ ನೆಪ ಕಣ್ ಮಗ. ದಿನಾ ಕೊನೇಗೆ ಕೇಳ್ತಿದ್ದುದ್ದು ಗೌರಿ ಗತಿ ಏನು ಅಂತ್ಲೇ ಅಲ್ವಾ?"

"ಗೊತ್ತಿದ್ದೂ ಬೆಳಗ್ಗೇನೇ ಯೋಳ್ಬಾರ್ದಾಗಿತ್ತಾ ಅವ್ವ?"

ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. "ಯೋಳಿದ್ರೆ ನೀನು ಬಸ್ಸು ಮಾಡ್ತಿದ್ದಾ? ನಾನೂ ಒಂದ್ಸಲ ಸಿಮ್ಮ ನೋಡ್ಬ್ಯಾಡ್ವಾ?"

ಕೊಟ್ಟಿಗೆಯಲ್ಲಿ ತಿಮ್ಮರಾಜು ಗೌರಿಯ ಹೊಟ್ಟೆಗೆ ಹಣೆಯಾನಿಸಿ ಕೂತ. ತಂಬಿಗೆಗೆ ಹಾಲು ಸುರಿಯುವ ಸದ್ದಿನಲ್ಲಿ ಕಣ್ಣು ತಾನಾಗಿ ಮುಚ್ಚಿತು. ಬಸ್ಸೊಂದು ಹುಲ್ಲಿನ ನಡುವೆ ನಿಧಾನವಾಗಿ ದೂರ ಹೋಯಿತು. ಅದರ ಎಡಗಡೆಯ ಕಿಟಕಿಯಲ್ಲಿ ಕೂತಿದ್ದವರು ಜವರಯ್ಯನಲ್ಲ, ಅಪ್ಪಯ್ಯ. ತಿಮ್ಮರಾಜು ಕಣ್ಣು ತೆರೆಯದೆಯೇ ಬೇಡಿಕೊಂಡ.

"ಸ್ವಾಮಿ ಭೈರವೇಶ್ವರ, ನಮ್ಮಪ್ಪಯ್ಯ ಅರವತ್ತು ವರ್ಷ ಕೋಳಿ ಕೂಗಕ್ಕೆ ಮುಂಚೆ ಎದ್ದವ್ರೆ. ಅಲ್ಲಾದ್ರೂ ಅವ್ರುನ್ನ ಯಾರೂ ಎಬ್ಬುಸ್ದಂಗೆ ನೋಡ್ಕೊ. ನೆಮ್ದಿಯಾಗಿ ಮಲಗ್ಲಿ."