'ಮುಗಿಯಿತು' ಎಂಬ ಬಟನ್

ಅಳಿಯನಾದವನು ಮಾವನ ಮನೆಯಲ್ಲಿ ಹೋಳಿಗೆ ತಿಂದು ಸುಮ್ಮನೆ ಬರಬೇಕೇ ಹೊರತು ಅಲ್ಲಿನ ಯಂತ್ರಗಳಿಗೆ ಕೈ ಹಾಕಬಾರದು. ಈ ಜ್ಞಾನೋದಯ ನನಗೆ ತಡವಾಗಿ ಆಯಿತು. ಹರಿಹರದಲ್ಲಿ ನಮ್ಮ ಮಾವನವರದು ಲಾರಿ ತೂಗುವ ವೇ ಬ್ರಿಡ್ಜ್. ಅಲ್ಲಿದ್ದ ಹಳೆಯ ಡಬ್ಬಿಯಂಥ ಯಂತ್ರ ಚೆನ್ನಾಗಿಯೇ ತೂಗುತ್ತಿತ್ತು. ಆದರೆ ಕಂಪ್ಯೂಟರಿನ ಕರ್ನಲ್‌ಗೆ, ಅಂದರೆ ಇಡೀ ಯಂತ್ರವನ್ನು ಆಳುವ ತಿರುಳು ಪ್ರೋಗ್ರಾಂಗೆ, ಕೋಡ್ ಬರೆಯುವ ಅಳಿಯ ಸುಮ್ಮನಿರಬೇಕಲ್ಲ! ಅದನ್ನು ಕಿತ್ತು ಹಾಕಿಸಿ, ಕಂಪ್ಯೂಟರ್ ಕೂರಿಸಿ, ತೂಕದ ಪೆಟ್ಟಿಗೆ ಅದರೊಡನೆ ಮಾತಾಡಲು ಬೇಕಾದ ಡ್ರೈವರನ್ನು ನಾನೇ ಬರೆದೆ. ಡ್ರೈವರ್ ಎಂದರೆ ಲಾರಿಯವನಲ್ಲ, ಕರ್ನಲ್ ಒಳಗೆ ಕೂರುವ ಪುಟ್ಟ ಪ್ರೋಗ್ರಾಂ. ಇದನ್ನು ಮಾವನವರಿಗೆ ವಿವರಿಸಲು ಹೋಗಿ, "ಲಾರಿಗೊಬ್ಬ ಸಾಲ್ದು ಅಂತ ಕಂಪ್ಯೂಟರಿಗೂ ಒಬ್ಬನಾ?" ಎನ್ನಿಸಿಕೊಂಡೆ.

ಭತ್ತದ ಸುಗ್ಗಿ ಶುರುವಾದದ್ದೇ ತಡ, ಕಂಪ್ಯೂಟರ್ ದಿನಾ ಮಧ್ಯಾಹ್ನ ಮೊಂಡು ಹಿಡಿದು ನಿಲ್ಲತೊಡಗಿತು. ಪಕ್ಕದ ಸಾರಥಿ ಊರಿನ ಕಡೆಯಿಂದ ಬಂದ ಲಾರಿಗಳು ಸಾಲಾಗಿ ನಿಂತು ಹಾರ್ನ್ ಹೊಡೆಯುವುದು ಫೋನಿನಲ್ಲೇ ಕೇಳುತ್ತಿತ್ತು. "ಅಳಿಯಂದ್ರೇ, ಬೇಜಾರ್ ಮಾಡ್ಕೋಬ್ಯಾಡ್ರಿ. ಇನ್ನೊಂದ್ಸಲ ನಿಂತ್ರೆ ಹಳೇ ಡಬ್ಬಿನೇ ಕೂರಿಸ್ತೀನಿ" ಎಂದರು ಮಾವ. ಆ ಡಬ್ಬಿ ವಾಪಸು ಬಂದರೆ ಹರಿಹರದಲ್ಲಿ ನಾನು ತಲೆಯೆತ್ತಿ ತಿರುಗುವುದು ಹೇಗೆ?

ರೋಗವೇನೋ ಗೊತ್ತಾಯಿತು: ಮೆಮೊರಿ ಸೋರಿಕೆ. ಕೆಲಸಕ್ಕೆಂದು ತೆಗೆದುಕೊಂಡ ಮೆಮೊರಿಯನ್ನು ನನ್ನ ಡ್ರೈವರ್ ಹಿಂದಿರುಗಿಸುತ್ತಿಲ್ಲ. ಉಂಡ ತಟ್ಟೆ ತೊಳೆದಿಡದೆ ಪ್ರತಿ ಊಟಕ್ಕೂ ಹೊಸದೊಂದು ತೆಗೆದ ಹಾಗೆ. ಕೊನೆಗೆ ಮನೆಯಲ್ಲಿ ತಟ್ಟೆಯೇ ಇಲ್ಲ. ಆದರೆ ದಾವಣಗೆರೆಯ ಎಸ್.ಎಸ್. ಬಡಾವಣೆಯ ನಮ್ಮ ಮನೆಯಲ್ಲಿ ಅದೇ ಕೋಡನ್ನು ಎಷ್ಟು ಓಡಿಸಿದರೂ ಒಂದು ಹನಿ ಸೋರುವುದಿಲ್ಲ! ನನ್ನ ಹೆಂಡತಿ ಸುಜಾತ, "ಇಲ್ಲೇ ಕುಂತು ಗೋಡೆಗೆ ಬೈತೀರಲ್ಲ, ನಮ್ಮಪ್ಪ ಅಲ್ಲಿ ಏನ್ ಮಾಡ್ತಾರೋ ಒಂದ್ಸಲ ಹೋಗಿ ನೋಡ್ರಿ" ಎಂದಳು.

ಹೋದೆ. ನೋಡಿದೆ. ಲಾರಿ ತೂಗಿ ಚೀಟಿ ಹರಿದುಕೊಟ್ಟ ಮಾವನವರು, ತೂಕದ ಪೆಟ್ಟಿಗೆಯ ವೈರನ್ನು ಕಂಪ್ಯೂಟರಿನಿಂದ ಚಕ್ಕನೆ ಕಿತ್ತು, ಕಣ್ಣಿಗೊತ್ತಿಕೊಂಡು, ಮತ್ತೆ ಚುಚ್ಚಿದರು! ಮುಂದಿನ ಲಾರಿಗೂ ಅದೇ ಪೂಜೆ. "ಮಾವಾ! ಏನ್ ಮಾಡ್ತಿದೀರಿ?" ಎಂದು ಚೀರಿಯೇಬಿಟ್ಟೆ. ಒಂದು ಲಾರಿ ತೂಗಿದ ಮೇಲೆ ಒತ್ತಿ ಮೆಮೊರಿ ಬಿಡಿಸಲೆಂದೇ 'ಮುಗಿಯಿತು' ಎಂದು ಪರದೆಯ ಮೇಲೆ ಅಷ್ಟು ದೊಡ್ಡ ಬಟನ್ ಇಟ್ಟಿದ್ದೆನಲ್ಲ!

"ಅದನ್ನ ಹೆಂಗ್ ಒತ್ಲಿ ಅಳಿಯಂದ್ರೇ? ಲೋಡ್ ಲಾರಿ ಹೊಂಟೈತೆ, ಹೆಂಡ್ತಿ ಮಕ್ಕಳಿರೋ ಮನುಷ್ಯ ಸ್ಟೇರಿಂಗ್ ಹಿಡಿದಾನೆ. ಅವನ ಬೆನ್ನಿಗೆ ಮುಗೀತು ಅನ್ನಾಕಾಗ್ತದಾ? ಬಿಡ್ತು ಅನ್ರಿ! ವೈರ್ ಕಿತ್ತು ಹಾಕಿದ್ರೆ ತಾನೇ ಹೊಸದಾಗಿ ಶುರು ಆಗ್ತೈತೆ."

ವೈರ್ ಕಿತ್ತಾಗಲೂ ಮೆಮೊರಿ ಬಿಟ್ಟುಕೊಡಬೇಕೆಂದು ನಾನು ಡ್ರೈವರಿನಲ್ಲಿ ಬರೆದೇ ಇರಲಿಲ್ಲ. ಲಾರಿಗೊಮ್ಮೆ ವೈರ್ ಕೀಳುವ ಮನುಷ್ಯ ಭೂಮಿಯ ಮೇಲಿದ್ದಾನೆಂದು ಯಾರಿಗೆ ಹೊಳೆಯುತ್ತದೆ? ಅಲ್ಲೇ ಕೂತು ಆ ಸಾಲು ಸೇರಿಸಿದೆ. ಹಾಗೆಯೇ ಬಟನ್ ಮೇಲಿನ ಮಾತು ಅಳಿಸಿ 'ಹೋಗಿ ಬನ್ನಿ' ಎಂದು ಹಾಕಿದೆ. ಮಾವ ಕನ್ನಡಕ ಏರಿಸಿ ಓದಿ, ಸಂತೋಷದಿಂದ ಒತ್ತಿದರು. ಸಂಜೆಯವರೆಗೂ ಕಂಪ್ಯೂಟರ್ ನಿಲ್ಲಲಿಲ್ಲ.

ಕರ್ನಲ್ಲನ್ನೇ ಗೆದ್ದ ಹೆಮ್ಮೆಯಲ್ಲಿ ನಾನು ಎದೆಯುಬ್ಬಿಸಿ ನಿಂತಿದ್ದಾಗ ಲಾರಿ ಚಾಲಕನೊಬ್ಬ, "ಮಷಿನ್ ಹೆಂಗ್ ರಿಪೇರಿ ಆತ್ರಿ?" ಎಂದು ಕೇಳಿದ. "ಮಷಿನಿಗೆ ಏನೂ ಆಗಿರ್ಲಿಲ್ಲಪ್ಪ. ನಮ್ಮ ಅಳಿಯಂದ್ರು ಕನ್ನಡ ತಪ್ಪು ಬರೆದಿದ್ರು, ಈಗ ತಿದ್ದಿದ್ರು" ಎಂದರು ಮಾವ. ಚಾಲಕ ನನ್ನನ್ನು ಗೌರವದಿಂದ ನೋಡಿ, "ಬರೆಯೋರಾ ಸಾರ್? ಹಂಗಾದ್ರೆ ನಮ್ಮ ಲಾರಿ ಹಿಂದೆ ಬರೆಸಾಕ ಒಂದು ಒಳ್ಳೆ ಮಾತು ಹೇಳ್ರಿ" ಎಂದ. ಕರ್ನಲ್ ಎಂದರೇನೆಂದು ಹೇಳುವ ಆಸೆ ಬಿಟ್ಟು, ಯೋಚಿಸಿ ಹೇಳುತ್ತೇನೆಂದು ಬೈಕ್ ಹತ್ತಿದೆ. ದಾವಣಗೆರೆ ಮುಟ್ಟುವವರೆಗೂ ಬೈಕಿನ ಮೇಲೆ ಆ ಒಳ್ಳೆ ಮಾತನ್ನೇ ಯೋಚಿಸಿದೆ. ಒಂದಕ್ಕೂ ಪ್ರಾಸ ಕೂಡಲಿಲ್ಲ.