ಬೆಕ್ಕಿಗೆ ನೀರು ಬಂದ್ ಮಾಡಿದ್ದು

ಬಳ್ಳಾರಿಯ ಹತ್ತಿ ಅಂಗಡಿಯಲ್ಲಿ ದಿನಕ್ಕೆ ನೂರು ಅಂಡಿಗೆಯ, ಅಂದರೆ ಹತ್ತಿಮೂಟೆಯ, ತೂಕ ಬರೆಯುವ ನನ್ನಂಥ ಗುಮಾಸ್ತನಿಗೆ, ಮನೆಯ ಒಂದು ಬೆಕ್ಕಿನ ಉಚ್ಚೆ ಯಾಕೆ ಇಷ್ಟು ನಾರುತ್ತದೆಂದು ಕಂಡುಹಿಡಿಯುವುದು ಯಾವ ಮಹಾ ಕೆಲಸ? ಹೆಂಡತಿ ಸಾವಂತ್ರಮ್ಮನ ಎದುರು ಹೀಗೆಂದೇ ಘೋಷಿಸಿದೆ. ಅವಳು ಮೂಗಿಗೆ ಸೆರಗು ಹಿಡಿದಿದ್ದಳು; ನಕ್ಕಳೋ ಇಲ್ಲವೋ ಕಾಣಲಿಲ್ಲ.

ಅವಸರಕ್ಕೆ ಕಾರಣವಿತ್ತು. ಮನೆಯ ಒಡತಿ ಶಿವಬಸಮ್ಮನವರು ಬಾಗಿಲಲ್ಲೇ ನಿಂತು ತೀರ್ಪು ಕೊಟ್ಟಿದ್ದರು: "ಸೋಮವಾರ ನಾ ಪೂಜಿಗೆ ಕುಂತಾಗ ಈ ನಾತ ಬಂತಂದ್ರ ಮನಿ ಖಾಲಿ ಮಾಡ್ರಿ, ಎರ್ರಿಸ್ವಾಮಿ." ಅವರ ದೇವರ ಕೋಣೆಗೂ ನಮ್ಮ ಅಡುಗೆಮನೆಗೂ ನಡುವೆ ಒಂದೇ ಗೋಡೆ. ಬೆಕ್ಕು ಉಚ್ಚೆ ಹೊಯ್ಯಲು ಆರಿಸಿಕೊಂಡದ್ದೂ ಅದನ್ನೇ.

ನಾನು ಮೊದಲು ಸಂಶಯಪಟ್ಟದ್ದು ಅದರ ಹೊರಗಿನ ಊಟವನ್ನು. ನಮ್ಮಲ್ಲಿ ಕಾಳಿನ ಸಾರು. ಅದು ಮಾತ್ರ ಹಿಂದಿನ ಓಣಿಯಲ್ಲಿ ಮೀನಿನ ತಲೆ ತಿಂದು ಬಾಯಿ ಒರೆಸಿಕೊಂಡು ಬರುತ್ತಿತ್ತು. ಎರಡು ದಿನ ಕಂಬಕ್ಕೆ ಕಟ್ಟಿ ಹಾಲು ಅನ್ನ ಹಾಕಿದೆ. ನಾತ ಕದಲಲಿಲ್ಲ.

ಅಂಗಡಿಯ ಜಂಬಣ್ಣನನ್ನು ಕೇಳಿದೆ. "ಟ್ಯಾಂಕಿಗೆ ನೀರು ಹೋಗಲಿಲ್ಲಂದ್ರ ನಳದಾಗ ಏನ್ ಬರ್ತೈತಲೇ? ಮ್ಯಾಲಿಂದು ಬಂದ್ ಮಾಡು," ಎಂದ.

ಎರಡು ದಿನಕ್ಕೊಮ್ಮೆ ನಳ ಬರುವ ಊರಿನವರಿಗೆ ಇದಕ್ಕಿಂತ ದೊಡ್ಡ ಶಾಸ್ತ್ರವಿಲ್ಲ. ಬೆಕ್ಕಿನ ನೀರಿನ ಬಟ್ಟಲು ಎತ್ತಿಟ್ಟೆ. ಕೊಡಗಳಿಗೆಲ್ಲ ತಟ್ಟೆ ಮುಚ್ಚಿ, ಮೇಲೆ ಕಲ್ಲಿಟ್ಟೆ.

ಮೇ ತಿಂಗಳು. ಮರುದಿನ ಸಂಜೆ ಬಾಗಿಲು ತೆಗೆದರೆ ಕಣ್ಣಲ್ಲಿ ನೀರು ಬಂತು.

"ಮೊದ್ಲು ಮೂಗಿಗೆ ಬರ್ತಿತ್ತು, ಈಗ ನಾಲಿಗಿಗೂ ಬರಾಕ ಹತ್ತೈತಿ," ಎಂದಳು ಸಾವಂತ್ರಮ್ಮ. "ಅದಕ್ಕ ಒಂದೀಟು ನೀರು ಇಡ್ತೀನ್ರಿ."

"ಇನ್ನೊಂದು ದಿನ ತಡಿ. ಟ್ಯಾಂಕಿ ಪೂರಾ ಖಾಲಿ ಆಗ್ಲಿ."

ಶನಿವಾರ ಬೆಕ್ಕು ಮಂಕಾಗಿ ಮೂಲೆ ಹಿಡಿಯಿತು. ನನಗೂ ಹೆದರಿಕೆಯಾಯಿತು. ಅದನ್ನು ಜೋಳದ ಚೀಲಕ್ಕೆ ಹಾಕಿಕೊಂಡು ದನದ ದವಾಖಾನೆಗೆ ಓಡಿದೆ.

"ಉಚ್ಚಿ ಹೊಯ್ಯಾಕ ತಿಣಕತೈತೇನು? ರಕ್ತ ಏನರ ಬಿದ್ದೈತಾ?" ಡಾಕ್ಟರು ಕೇಳಿದರು.

"ಇಲ್ರಿ."

"ನೀರು ಎಷ್ಟು ಕುಡೀತೈತಿ?"

ಈ ಪ್ರಶ್ನೆಗೆ ನಾನು ತಯಾರಾಗಿದ್ದೆ. "ಒಂದ್ ಹನಿನೂ ಕೊಟ್ಟಿಲ್ರಿ ಸರ."

ಡಾಕ್ಟರು ಬೆಕ್ಕನ್ನು ಬಿಟ್ಟು ನನ್ನನ್ನು ಪರೀಕ್ಷಿಸಿದರು. "ಸಾರು ಕುದ್ದು ಬತ್ತಿದ್ರ ಖಾರ ಹೆಚ್ಚಾಗ್ತೈತೋ, ಕಡಿಮಿ ಆಗ್ತೈತೋ? ಗಂಡು ಬೆಕ್ಕು, ನಾತ ಇರೋದ. ನೀವು ಅದನ್ನ ಬತ್ತಿಸಿ ಕಷಾಯ ಮಾಡೀರಿ. ಹೊಟ್ಟಿ ತುಂಬ ನೀರು ಕುಡಿಸ್ರಿ. ಅದು ಹೊಯ್ದ ಗೋಡಿ ತೊಳೀರಿ."

ಗೋಡೆ ತೊಳೆಯುವುದು! ಇಷ್ಟೆಲ್ಲ ಕಾರಣ ಹುಡುಕಿದವನಿಗೆ ಅದೊಂದು ಹೊಳೆದಿರಲಿಲ್ಲ. ಊದಿನಕಡ್ಡಿ ಹಚ್ಚಿದ್ದೆ, ಅಷ್ಟೆ. ಕೊಡಗಳ ಹಿಂದೆ ನೋಡಿದರೆ ತಿಂಗಳುಗಟ್ಟಲೆಯ ಕಲೆ. ಸೋಪಿನ ಪುಡಿ ಹಾಕಿ ಸೊಂಟ ಬೀಳುವವರೆಗೆ ತಿಕ್ಕಿದೆ. ನನ್ನ ಎರಡು ದಿನದ ಸ್ನಾನ ಗೋಡೆಗೆ ಹೋಯಿತು. ಬೆಕ್ಕು ಬಟ್ಟಲಿನಿಂದ ತಲೆ ಎತ್ತದೆ ಕುಡಿಯುತ್ತಲೇ ಇತ್ತು.

ಸೋಮವಾರ ಶಿವಬಸಮ್ಮನವರು ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ನಮ್ಮ ಅಡುಗೆಮನೆಗೆ ಬಂದು ಮೂರು ಸಲ ಮೂಸಿದರು. "ಇಲ್ಲೇ ಇರ್ರಿ," ಎಂದರು. ನನಗೆ ಜೀವ ಬಂತು.

ನಡೆದದ್ದನ್ನು ಸಾವಂತ್ರಮ್ಮ ಒಂದೂ ಬಿಡದೆ ಹೇಳಿದಳು. ಒಡತಿ ನನ್ನನ್ನು ಕನಿಕರದಿಂದ ನೋಡಿದರು. "ಬ್ಯಾಸಗಿ ಐತಲ್ಲವ್ವಾ. ನೀರು ಸಾಲದ ಇವರ ತಲಿನೂ ಹಿಂಗ ಆಗಿರಬೇಕು. ದಿನಾ ಒಂದ್ ಚೊಂಬು ಹೆಚ್ಚಿಗಿ ಕೊಡು."

"ಮದಿವ್ಯಾದಾಗಿಂದ ಕೊಟ್ಟು ನೋಡೀನ್ರಿ ಅಮ್ಮಾರ," ಎಂದಳು ಸಾವಂತ್ರಮ್ಮ. "ಇವರದು ನೀರಿಗೆ ಹೋಗೋದಲ್ಲ."